ಬೇಲಿಯಾಚೆ ಹೂತ ಕೂಸುಗಳು

2012ರ ದೀಪಾವಳಿ. ನಾನಾಗ ಬೆಳಗಾವಿಯಲ್ಲಿ ಪಿಯುಸಿ ಮೊದಲ ವರ್ಷದಲ್ಲಿದ್ದೆ. ಹಬ್ಬದ ಗದ್ದಲ ಇಳಿಯುವ ಹೊತ್ತಿಗೆ ಪತ್ರಿಕೆಗಳ ಮುಖಪುಟದಲ್ಲಿ ನಮ್ಮೂರಿನ ಹೆಣ್ಣುಮಗಳೊಬ್ಬಳ ಫೋಟೋ ಬಂತು. ಸವಿತಾ ಹಾಲಪ್ಪನವರ, ದಂತವೈದ್ಯೆ, 31 ವರ್ಷ. ಗಂಡನ ಜೊತೆ ಆಯರ್ಲೆಂಡಿನ ಗಾಲ್ವೇ ನಗರದಲ್ಲಿದ್ದಳು. 17 ವಾರದ ಬಸುರಿ. ಬೆನ್ನುನೋವೆಂದು ಅಕ್ಟೋಬರ್ 21ರಂದು ಆಸ್ಪತ್ರೆಗೆ ಹೋದಾಗ ಗರ್ಭ ನಿಲ್ಲುವುದಿಲ್ಲ ಎಂಬುದು ವೈದ್ಯರಿಗೆ ಖಾತ್ರಿಯಾಗಿತ್ತು. ಉಳಿಯುವುದಿಲ್ಲ ಎಂದ ಮೇಲೆ ತೆಗೆದುಬಿಡಿ ಎಂದು ಆಕೆ ಕೇಳಿಕೊಂಡಳು. ಗರ್ಭದ ಎದೆಬಡಿತ ಇನ್ನೂ ಕೇಳುತ್ತಿದೆ, ಅದು ನಿಲ್ಲುವವರೆಗೆ ಏನೂ ಮಾಡುವ ಹಾಗಿಲ್ಲ ಎಂದರು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನೂ ಆಸ್ಪತ್ರೆಯ ಸಿಬ್ಬಂದಿಯೊಬ್ಬರು ಆಡಿದ್ದರೆಂಬುದು ಮುಂದೆ ವಿಚಾರಣೆಯಲ್ಲಿ ಹೊರಬಂತು. ಬಡಿತ ನಿಂತಿದ್ದು ಮೂರು ದಿನಗಳ ನಂತರ. ಅಷ್ಟರೊಳಗೆ ನಂಜು ರಕ್ತಕ್ಕೇರಿತ್ತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡಳು.

ಅಂದು ಪೇಪರನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ, ಅವ್ವ ಕೇಳುತ್ತಿದ್ದಳು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು. "ಕೂಸೂ ಉಳೀಲಿಲ್ಲ, ತಾಯೀನೂ ಉಳೀಲಿಲ್ಲ. ಹಂಗಾರ ಅವ್ರು ಉಳಿಸಿದ್ದು ಏನು?"

ಕಾನೂನು ಉಳಿಸಿದರು ಎಂದು ಆಗ ಹೇಳಿದ್ದೆ. ಹದಿನಾರರ ವಯಸ್ಸಿನ ಜಾಣತನ ಅದು. ಈಗ ಪಿಎಚ್‌ಡಿಗೆಂದು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಗರ್ಭಪಾತದ ಅಪರಾಧಗಳನ್ನು ಬ್ರಿಟಿಷ್ ಕೋರ್ಟುಗಳು ಹೇಗೆ ನೋಡಿದವು ಎಂಬುದರ ಬೆನ್ನು ಹತ್ತಿರುವಾಗ, ಅವ್ವನ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಏಕೆಂದರೆ ಗಾಲ್ವೇಯ ಆ ವೈದ್ಯರ ತಲೆಯ ಮೇಲೆ ತೂಗುತ್ತಿದ್ದ ಕಾನೂನೂ ನಾನು ಕಡತಗಳಲ್ಲಿ ಹುಡುಕುತ್ತಿರುವ ಕಾನೂನೂ ಒಂದೇ ಸಾಮ್ರಾಜ್ಯದ ಕೂಸುಗಳು. ನಡುವೆ ಒಂದು ವರ್ಷದ ಅಂತರ ಅಷ್ಟೆ.

1860ರ ಭಾರತೀಯ ದಂಡ ಸಂಹಿತೆಯ 312ನೆಯ ಕಲಮಿನಲ್ಲಿ ಗರ್ಭಪಾತಕ್ಕೆ ಮೂರು ವರ್ಷದವರೆಗೆ ಶಿಕ್ಷೆ. ಕೂಸು ಹೊಟ್ಟೆಯಲ್ಲಿ ಮಿಸುಕಾಡಲು ಶುರುವಾಗಿದ್ದರೆ ಏಳು ವರ್ಷದವರೆಗೆ. ತಾಯಿಯ ಜೀವ ಉಳಿಸಲು ಸದುದ್ದೇಶದಿಂದ ಮಾಡಿದ್ದಕ್ಕೆ ವಿನಾಯಿತಿ. ಅದೇ ಸಂಹಿತೆಯ 299ನೆಯ ಕಲಮಿನ ಮೂರನೆಯ ವಿವರಣೆಯಂತೂ ಬಹಳ ಸ್ಪಷ್ಟ: ತಾಯಿಯ ಗರ್ಭದಲ್ಲಿರುವ ಶಿಶುವಿನ ಸಾವಿಗೆ ಕಾರಣವಾಗುವುದು ನರಹತ್ಯೆಯಲ್ಲ, ದೇಹದ ಯಾವುದಾದರೂ ಭಾಗ ಹೊರಬಂದ ಮೇಲಾದರೆ ನರಹತ್ಯೆಯಾಗಬಹುದು. ಅಂದರೆ ಗರ್ಭಕ್ಕೆ ಬೆಲೆ ಇದೆ, ಅದು ಬೆಳೆದಂತೆ ಬೆಲೆಯೂ ಬೆಳೆಯುತ್ತದೆ, ಆದರೆ ಅದು ತಾಯಿಗೆ ಸಮನಾದ ಮನುಷ್ಯನಲ್ಲ ಎಂಬ ಲೆಕ್ಕ. 1861ರಲ್ಲಿ ಇಂಗ್ಲೆಂಡ್ ಮತ್ತು ಆಯರ್ಲೆಂಡಿಗೆ ಬಂದ ಕಾಯಿದೆಯಲ್ಲಿ ಇಂಥ ಮೆಟ್ಟಿಲುಗಳೇ ಇರಲಿಲ್ಲ. ಮಿಸುಕಾಡಿತೋ ಇಲ್ಲವೋ, ಹೆಂಗಸು ತಾನೇ ಗರ್ಭ ತೆಗೆಸಿಕೊಂಡರೂ ಜೀವಾವಧಿಯವರೆಗೆ ಶಿಕ್ಷೆ. ಸ್ವತಂತ್ರವಾದ ಮೇಲೂ ಆಯರ್ಲೆಂಡ್ ಇದನ್ನು ಹಾಗೆಯೇ ಇಟ್ಟುಕೊಂಡಿತು. ಆ ಕಲಮುಗಳು ರದ್ದಾಗಿದ್ದು ಸವಿತಾ ಸತ್ತ ಮೇಲೆ, 2013ರಲ್ಲಿ.

ಇಷ್ಟು ಕಠಿಣ ಕಾಯಿದೆ ಇರುವಾಗ ಮತ್ತೇನು ಬೇಕಿತ್ತು? 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತವನ್ನು ಹಕ್ಕೆಂದಿತು. ಅದೇ ವರ್ಷ ಐರಿಶ್ ಸುಪ್ರೀಂ ಕೋರ್ಟ್, ದಂಪತಿಗಳು ಗರ್ಭನಿರೋಧಕ ತರಿಸಿಕೊಳ್ಳುವುದು ಅವರ ಖಾಸಗಿ ವಿಷಯ ಎಂದಿತು. ಇವತ್ತು ನಿರೋಧಕ, ನಾಳೆ ಗರ್ಭಪಾತ ಎಂದು ಹೆದರಿದವರು 1981ರಲ್ಲಿ ಒಟ್ಟುಗೂಡಿ, ಯಾವ ನ್ಯಾಯಾಧೀಶನೂ ಮುಟ್ಟಲಾಗದ ಹಾಗೆ ಸಂವಿಧಾನದಲ್ಲೇ ಬರೆಯಿರಿ ಎಂದು ಹಟ ಹಿಡಿದರು. ಹೀಗೆ ಬಂದದ್ದು ಎಂಟನೆಯ ತಿದ್ದುಪಡಿ. ಹುಟ್ಟದ ಜೀವಕ್ಕೂ ತಾಯಿಗೂ ಬದುಕುವ ಹಕ್ಕು ಸಮಾನ, ಆ ಹಕ್ಕನ್ನು ರಾಜ್ಯ ಕಾಯುತ್ತದೆ ಎಂಬುದು ಅದರ ತಿರುಳು. ಈ ಒಕ್ಕಣೆ ಅಸ್ಪಷ್ಟ, ಇದರಿಂದ ತಾಯಂದಿರಿಗೇ ಅಪಾಯ ಎಂದು ಆಗಿನ ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್ ಎಚ್ಚರಿಸಿದರು. ಆದರೂ ಆ ಒಕ್ಕಣೆಯೇ ಉಳಿಯಿತು. 1983ರ ಸೆಪ್ಟೆಂಬರ್ 7ರ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ 66.9 ಶೇಕಡಾ ಮಂದಿ ಹೌದೆಂದರು.

ಐದು ತಿಂಗಳೂ ತುಂಬಿರಲಿಲ್ಲ. 1984ರ ಜನವರಿ 31ರಂದು ಗ್ರಾನಾರ್ಡ್ ಎಂಬ ಸಣ್ಣ ಊರಿನಲ್ಲಿ ಆನ್ ಲವೆಟ್ ಎಂಬ ಹದಿನೈದರ ಹುಡುಗಿ, ಮೇರಿಮಾತೆಯ ಗವಿಯ ಮುಂದೆ ಒಬ್ಬಳೇ ಹೆತ್ತು, ಕೂಸಿನ ಜೊತೆ ತಾನೂ ಸತ್ತಳು. ಸಮಾನ ಜೀವಗಳನ್ನು ಕಾಯುತ್ತೇವೆಂದು ಬರೆದುಕೊಂಡ ದೇಶದಲ್ಲಿ ಆ ಎರಡು ಜೀವಗಳನ್ನು ಕಾಯಲು ಯಾರೂ ಬರಲಿಲ್ಲ.

ಸಂವಿಧಾನದ ವಾಕ್ಯವನ್ನು ನಿಜವಾಗಿ ನಂಬಿದರೆ ಏನೇನು ಮಾಡಬೇಕಾಗುತ್ತದೆ? ಆಯರ್ಲೆಂಡಿನ ಚರಿತ್ರೆ ಓದುವಾಗ ನಾನು ಇದೊಂದೇ ಪ್ರಶ್ನೆಯನ್ನು ಇಟ್ಟುಕೊಂಡು ಹೋಗುತ್ತೇನೆ. ಗರ್ಭ ಮತ್ತು ತಾಯಿ ಇಬ್ಬರೂ ಸಮಾನ ಮನುಷ್ಯರಾದರೆ, ಒಬ್ಬರನ್ನು ಕೊಲ್ಲಲು ಕರೆದೊಯ್ಯುವುದನ್ನು ರಾಜ್ಯ ತಡೆಯಲೇಬೇಕು. 1992ರ ಫೆಬ್ರುವರಿಯಲ್ಲಿ ಅದು ನಿಜವಾಗಿ ನಡೆಯಿತು. ಹದಿನಾಲ್ಕರ ಹುಡುಗಿ, ಪರಿಚಯದವನಿಂದಲೇ ಅತ್ಯಾಚಾರವಾಗಿ ಬಸುರಾದವಳು. ತಂದೆತಾಯಿ ಆಕೆಯನ್ನು ಲಂಡನ್ನಿಗೆ ಕರೆದೊಯ್ದರು. ಹೋಗುವ ಮೊದಲು, ತೆಗೆದ ಗರ್ಭದ ಡಿಎನ್‌ಎ ಆರೋಪಿಯ ವಿರುದ್ಧ ಸಾಕ್ಷಿಯಾಗಬಹುದೇ ಎಂದು ಪೊಲೀಸರನ್ನು ಕೇಳಿದ್ದರು. ಪಾಪ, ಕಾನೂನಿಗೆ ಸಹಾಯ ಮಾಡಲು ಹೊರಟಿದ್ದರು. ಸುದ್ದಿ ಅಟಾರ್ನಿ ಜನರಲ್‌ಗೆ ಮುಟ್ಟಿತು. ಆತ ಕೋರ್ಟಿಗೆ ಹೋದ. ಹುಡುಗಿ ಒಂಬತ್ತು ತಿಂಗಳು ದೇಶ ಬಿಟ್ಟು ಹೋಗಕೂಡದೆಂದು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಕುಟುಂಬ ಲಂಡನ್ನಿನಿಂದ ಮರಳಿತ್ತು. ಹುಡುಗಿ ಸಾಯುವ ಮಾತಾಡುತ್ತಿದ್ದಳು.

ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇಲ್ಲೇ ಇದೆ. ಎಂಟನೆಯ ತಿದ್ದುಪಡಿಯನ್ನು ಅಕ್ಷರಶಃ ನಂಬಿ ನಡೆದುಕೊಂಡವರೆಂದರೆ ಆ ಅಟಾರ್ನಿ ಜನರಲ್ ಮತ್ತು ಹೈಕೋರ್ಟಿನ ನ್ಯಾಯಾಧೀಶರು. ನುಡಿದಂತೆ ನಡೆದರು. ಅದನ್ನು ಕಂಡು ದೇಶ ಬೆಚ್ಚಿಬಿತ್ತು. ಡಬ್ಲಿನ್ನಿನ ಬೀದಿಗಳಲ್ಲಿ ಮೆರವಣಿಗೆಗಳಾದವು. ಹೌದೆಂದು ಮತ ಹಾಕಿದ್ದವರೇ ಅನೇಕರು, ನಾವು ಹೇಳಿದ್ದು ಇದನ್ನಲ್ಲ ಎಂದರು. ಸುಪ್ರೀಂ ಕೋರ್ಟ್ ನಾಲ್ವರಿಗೆ ಒಬ್ಬರಂತೆ ತಡೆಯಾಜ್ಞೆ ತೆಗೆದುಹಾಕಿ, ಮಾರ್ಚ್ 5ರ ತೀರ್ಪಿನಲ್ಲಿ ಹೀಗೆಂದಿತು: ತಾಯಿಯ ಜೀವಕ್ಕೆ ನಿಜವಾದ ಅಪಾಯವಿದ್ದರೆ, ಆ ಅಪಾಯ ಆತ್ಮಹತ್ಯೆಯದಾದರೂ, ಗರ್ಭಪಾತ ಸಕ್ರಮ. ಹುಡುಗಿಗೆ ಕೆಲವೇ ದಿನಗಳಲ್ಲಿ ತಾನಾಗಿ ಗರ್ಭಪಾತವಾಯಿತು.

ಆಮೇಲೆ ಆಯರ್ಲೆಂಡ್ ಮಾಡಿದ್ದೇನು? ವಾಕ್ಯವನ್ನು ತೆಗೆಯಲಿಲ್ಲ. ಅದಕ್ಕೊಂದು ಕಿಂಡಿ ಕೊರೆಯಿತು. ಅದೇ ವರ್ಷದ ನವೆಂಬರಿನಲ್ಲಿ ಮತ್ತೆ ಜನಮತಗಣನೆ. ಗರ್ಭಪಾತಕ್ಕೆಂದು ಹೊರದೇಶಕ್ಕೆ ಹೋಗುವವರನ್ನು ತಡೆಯುವ ಹಾಗಿಲ್ಲ ಎಂಬುದಕ್ಕೆ ಸುಮಾರು 62 ಶೇಕಡಾ ಜನ ಒಪ್ಪಿದರು. ಎಲ್ಲಿಗೆ ಹೋಗಬಹುದೆಂಬ ಮಾಹಿತಿ ಕೊಡಬಹುದು ಎಂಬುದಕ್ಕೆ ಸುಮಾರು 60. ಈಗ ಸಂವಿಧಾನದ ಒಂದೇ ಕಲಮಿನಲ್ಲಿ ಎರಡು ಮಾತು. ಗರ್ಭ ತಾಯಿಗೆ ಸಮಾನ ಜೀವ. ಆದರೆ ಹಡಗು ಹತ್ತಿ ಸಮುದ್ರದ ಆಚೆ ದಡಕ್ಕೆ ಹೋದರೆ ನಾವೇನೂ ಕೇಳುವುದಿಲ್ಲ. ಮಕ್ಕಳನ್ನು ಹೊರದೇಶಕ್ಕೊಯ್ದು ಕೊಲ್ಲುವ ಸ್ವಾತಂತ್ರ್ಯವನ್ನು ಯಾವ ದೇಶವಾದರೂ ಸಂವಿಧಾನದಲ್ಲಿ ಬರೆಯುವುದುಂಟೇ? ಬರೆದರೆಂದರೆ, ಅದನ್ನು ಕೊಲೆಯೆಂದು ಅವರ ಮನಸ್ಸು ಒಪ್ಪಿರಲಿಲ್ಲ ಎಂದೇ ಅರ್ಥ. 1980ರಿಂದ ಈಚೆಗೆ ಹೀಗೆ ಬ್ರಿಟನ್ನಿಗೆ ಹೋಗಿ ಐರಿಶ್ ವಿಳಾಸ ಬರೆಸಿದ ಹೆಂಗಸರ ಸಂಖ್ಯೆ 1.7 ಲಕ್ಷ ದಾಟುತ್ತದೆ. ಇದು ಹಡಗಿನ ಟಿಕೆಟ್ಟಿಗೆ, ಕ್ಲಿನಿಕ್ಕಿಗೆ ಕಾಸು ಹೊಂದಿಸಬಲ್ಲವರ ಲೆಕ್ಕ. ವೀಸಾ ಇಲ್ಲದವರು, ಆಸ್ಪತ್ರೆಯ ಹಾಸಿಗೆಯಲ್ಲಿ ಜ್ವರ ಏರುತ್ತ ಮಲಗಿದ್ದವರು ಈ ಕಿಂಡಿಯಲ್ಲಿ ತೂರುವುದು ಸಾಧ್ಯವಿರಲಿಲ್ಲ.

ಸವಿತಾಳ ಸಾವಿನ ಬಗ್ಗೆ ಸರ್ ಸಬರತ್ನಂ ಅರುಳ್‌ಕುಮಾರನ್ ಅವರ ನೇತೃತ್ವದ ತನಿಖೆ 2013ರ ಜೂನ್‌ನಲ್ಲಿ ವರದಿ ಕೊಟ್ಟಿತು. ಅದರಲ್ಲಿ ಕಾನೂನೊಂದೇ ಖಳನಾಯಕನಲ್ಲ. ರಕ್ತಪರೀಕ್ಷೆಯ ಫಲಿತಾಂಶವನ್ನು ನೋಡುವುದರಲ್ಲಿ, ನಾಡಿ ಉಷ್ಣತೆ ಗಮನಿಸುವುದರಲ್ಲಿ ಆಸ್ಪತ್ರೆ ಎಡವಿತ್ತು. ಆಯರ್ಲೆಂಡಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರ ಕೈತಪ್ಪಿದ 13 ಅವಕಾಶಗಳನ್ನು ಎಣಿಸಿತು. ಗರ್ಭಪಾತ ವಿರೋಧಿಗಳು ಇಂದಿಗೂ ಇದನ್ನು ಹಿಡಿದು, ಆಕೆ ಸತ್ತಿದ್ದು ನಂಜಿನಿಂದ, ಕಾನೂನಿನಿಂದಲ್ಲ ಎನ್ನುತ್ತಾರೆ. ಆ ಮಾತನ್ನು ತಳ್ಳಿಹಾಕದೆ ಪರೀಕ್ಷಿಸಬೇಕು. ಆದರೆ ಅದೇ ವರದಿ ಇನ್ನೊಂದನ್ನೂ ಹೇಳುತ್ತದೆ: ಗರ್ಭದ ಎದೆಬಡಿತ ನಿಲ್ಲುವವರೆಗೆ ಕೈಹಾಕಬಾರದೆಂಬುದಕ್ಕೆ ಕೊಟ್ಟ ಮಹತ್ವ ಅತಿಯಾಗಿತ್ತು, ತಾಯಿಯ ನಂಜಿನ ಮೇಲೆ ಇಟ್ಟ ಕಣ್ಣು ಸಾಲದಾಗಿತ್ತು. ಎರಡು ಸಮಾನ ಜೀವಗಳೆಂದು ಹೇಳಿದರೂ, ವೈದ್ಯರ ಕಿವಿ ಇದ್ದದ್ದು ಒಂದರ ಎದೆಯ ಮೇಲೆ.

ಎರಡು ವರ್ಷ ಕಳೆದ ಮೇಲೆ ಮಿದುಳು ನಿಷ್ಕ್ರಿಯವಾಗಿ ಸತ್ತ ಬಸುರಿಯೊಬ್ಬಳ ದೇಹವನ್ನು ಕಾನೂನಿನ ಭಯದಿಂದ ವಾರಗಟ್ಟಲೆ ಯಂತ್ರಗಳ ಮೇಲೆ ಇಟ್ಟಿದ್ದರು. 2014ರ ಡಿಸೆಂಬರ್ 26ರಂದು, ಕ್ರಿಸ್ಮಸ್ಸಿನ ಮರುದಿನ, ಹೈಕೋರ್ಟ್ ಯಂತ್ರ ತೆಗೆಯಲು ಅನುಮತಿ ಕೊಡಬೇಕಾಯಿತು. ಅವಳ ತಂದೆ ಮಗಳ ಶವಕ್ಕಾಗಿ ಕೋರ್ಟಿನಲ್ಲಿ ಬೇಡಿಕೊಂಡಿದ್ದ.

ಇಷ್ಟೆಲ್ಲ ಕಟ್ಟುನಿಟ್ಟಿನ ರಾಜ್ಯ, ವಲಸಿಗರ ಪ್ರಶ್ನೆ ಬಂದಾಗ ಏನೆಂದಿತು ನೋಡಿ. ಗಡೀಪಾರಾಗಬೇಕಿದ್ದ ಒಬ್ಬ ವಲಸಿಗನ ಸಂಗಾತಿ ಬಸುರಿ. ಹುಟ್ಟಲಿರುವ ಮಗುವಿನ ಹಕ್ಕುಗಳನ್ನೂ ಪರಿಗಣಿಸಿ ಎಂದು ಅವರು ಕೇಳಿದರು. ಹೈಕೋರ್ಟ್ ಒಪ್ಪಿತು. ಆದರೆ ಸರ್ಕಾರವೇ ಮೇಲ್ಮನವಿ ಹೋಯಿತು: ಹುಟ್ಟದ ಜೀವಕ್ಕೆ ಬದುಕುವ ಹಕ್ಕೊಂದನ್ನು ಬಿಟ್ಟರೆ ಬೇರೆ ಯಾವ ಸಾಂವಿಧಾನಿಕ ಹಕ್ಕೂ ಇಲ್ಲ, ಸಂವಿಧಾನದ ಅರ್ಥದಲ್ಲಿ ಅದು 'ಮಗು'ವಲ್ಲ. 2018ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಸರ್ಕಾರದ ವಾದವನ್ನೇ ಎತ್ತಿಹಿಡಿಯಿತು. ಅಂದರೆ, ಗರ್ಭಕ್ಕೆ ತಾಯಿಯ ವಿರುದ್ಧ ಹಕ್ಕಿದೆ. ಸರ್ಕಾರದ ವಿರುದ್ಧ ಇಲ್ಲ. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯೇ ಇದ್ದೀತು. ನನಗೆ ಮಾತ್ರ, ಮೂವತ್ತೈದು ವರ್ಷದ ವಾದವೊಂದು ಅಲ್ಲಿ ತನ್ನ ಬಾಯಿಂದಲೇ ತನ್ನ ಗುಟ್ಟು ಬಿಟ್ಟುಕೊಟ್ಟ ಹಾಗೆ ಕಂಡಿತು.

ಕಾನೂನಿನ ಮಾತು ಸಾಕು. ಒಂದು ಸಮಾಜ ಯಾವುದನ್ನು ಮನುಷ್ಯನೆಂದು ಬಗೆದಿತ್ತೆಂದು ತಿಳಿಯಬೇಕಾದರೆ ಅದರ ಸ್ಮಶಾನ ನೋಡಬೇಕು ಎಂದು ನನ್ನ ಮಾರ್ಗದರ್ಶಕರು ಆಗಾಗ ಹೇಳುತ್ತಾರೆ. ಆಯರ್ಲೆಂಡಿನ ಪಶ್ಚಿಮ ಭಾಗದಲ್ಲಿ, ಗಾಲ್ವೇ, ಮೇಯೋ, ಕೆರ್ರಿಗಳಲ್ಲಿ 'ಕಿಲ್ಲೀನ್' ಎಂಬ ಜಾಗಗಳು ನೂರಾರು ಇವೆ. ದೀಕ್ಷಾಸ್ನಾನವಾಗದೆ ಸತ್ತ ಕೂಸುಗಳನ್ನು ಹೂಳುತ್ತಿದ್ದ ಜಾಗಗಳಿವು. ಹೊಟ್ಟೆಯಲ್ಲೇ ಸತ್ತದ್ದು, ಹುಟ್ಟುತ್ತಲೇ ಸತ್ತದ್ದು ಚರ್ಚಿನ ಪವಿತ್ರ ಭೂಮಿಗೆ ಸಲ್ಲದು. 1917ರ ಚರ್ಚ್ ಸಂಹಿತೆಯಲ್ಲೂ ಇದೇ ನಿಯಮ. ಅವು ಸ್ವರ್ಗಕ್ಕೂ ಅಲ್ಲದ, ನರಕಕ್ಕೂ ಅಲ್ಲದ 'ಲಿಂಬೊ'ಕ್ಕೆ ಹೋಗುತ್ತವೆ ಎಂಬುದು ನಂಬಿಕೆ. ಹಾಗಾಗಿ ಎರಡು ಊರುಗಳ ಗಡಿ, ಪಾಳು ಕೋಟೆಯ ದಿಬ್ಬ, ಕಡಲ ದಂಡೆ, ಇಂಥ ಯಾರಿಗೂ ಸೇರದ ನೆಲ ಹುಡುಕುತ್ತಿದ್ದರು. ಕತ್ತಲಾದ ಮೇಲೆ ಅಪ್ಪನೋ ಹತ್ತಿರದ ಗಂಡಸೊಬ್ಬನೋ ಸಣ್ಣ ಪೆಟ್ಟಿಗೆ ಹೊತ್ತು ಹೋಗುವುದು, ಹೂತು ಬರುವುದು. ಪಾದ್ರಿ ಇಲ್ಲ, ಪ್ರಾರ್ಥನೆ ಇಲ್ಲ, ಹೆಸರಿಲ್ಲ. ಬಾಣಂತಿ ಮನೆಯಲ್ಲೇ. ಗುರುತಿಗೆ ಬಿಳಿ ಬೆಣಚುಕಲ್ಲು ಇಟ್ಟರೆ ಇಟ್ಟರು. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಇದು ನಡೆದಿತ್ತು.

ಗರ್ಭ ನಿಂತ ಕ್ಷಣದಿಂದ ಅದು ಪೂರ್ಣ ಮನುಷ್ಯ ಎಂದು ಬೋಧಿಸಿದ ಚರ್ಚು, ಅದೇ ಮನುಷ್ಯ ಸತ್ತಾಗ ಆರಡಿ ಇರಲಿ, ಒಂದಡಿ ನೆಲ ಕೊಡಲಿಲ್ಲ. ಅಂಥ ಕೂಸುಗಳಿಗೆ ಬಿಷಪ್ಪರ ಅನುಮತಿಯ ಮೇಲೆ ಅಂತ್ಯವಿಧಿ ಮಾಡಬಹುದೆಂದು ಚರ್ಚಿನ ಹೊಸ ಸಂಹಿತೆ ಸೇರಿಸಿಕೊಂಡದ್ದು 1983ರಲ್ಲಿ. ಎಂಟನೆಯ ತಿದ್ದುಪಡಿಯ ವರ್ಷ. ರಾಜ್ಯವೂ ಕಡಿಮೆಯೇನಲ್ಲ: ಸತ್ತು ಹುಟ್ಟಿದ ಕೂಸುಗಳಿಗೆ ಆಯರ್ಲೆಂಡಿನಲ್ಲಿ ನೋಂದಣಿಯೆಂಬುದೇ 1995ರವರೆಗೆ ಇರಲಿಲ್ಲ. ಹನ್ನೆರಡು ವರ್ಷ, ಸಂವಿಧಾನದಲ್ಲಿ ಸಮಾನ ಜೀವ, ದಫ್ತರದಲ್ಲಿ ಒಂದು ಸಾಲೂ ಇಲ್ಲ.

ಹುಟ್ಟಿ ಬದುಕಿದವುಗಳ ಕಥೆ ಇನ್ನೂ ಕಷ್ಟ. ಮದುವೆಯಾಗದೆ ಬಸುರಾದವರನ್ನು ಅಟ್ಟುತ್ತಿದ್ದ ತಾಯಿ-ಶಿಶು ಗೃಹಗಳಲ್ಲಿ, ಸರ್ಕಾರಿ ಆಯೋಗ ಪರಿಶೀಲಿಸಿದ 18 ಸಂಸ್ಥೆಗಳಲ್ಲಿ, ಸುಮಾರು 9,000 ಮಕ್ಕಳು ಸತ್ತರೆಂದು 2021ರ ಜನವರಿಯ ವರದಿ ಹೇಳುತ್ತದೆ. ಅಲ್ಲಿದ್ದ ಮಕ್ಕಳಲ್ಲಿ ಶೇಕಡಾ 15ರಷ್ಟು. ಗಾಲ್ವೇ ಕೌಂಟಿಯಲ್ಲೇ ಇರುವ ಟ್ಯೂಮ್ ಎಂಬ ಊರಿನ ಗೃಹದಲ್ಲಿ 1925ರಿಂದ 1961ರ ನಡುವೆ ಸತ್ತ 796 ಮಕ್ಕಳ ಮರಣಪತ್ರಗಳನ್ನು ಒಂದೊಂದಾಗಿ ದುಡ್ಡು ಕೊಟ್ಟು ತೆಗೆಸಿದವರು ಕ್ಯಾಥರೀನ್ ಕಾರ್ಲೆಸ್ ಎಂಬ ಗೃಹಿಣಿ, ಹವ್ಯಾಸಿ ಇತಿಹಾಸಕಾರ್ತಿ. ಯಾವ ವಿಶ್ವವಿದ್ಯಾಲಯದ ಫೆಲೋಶಿಪ್ಪೂ ಇಲ್ಲದೆ. (ನನ್ನಂಥವರು ಇದನ್ನು ಎರಡು ಸಲ ಓದಬೇಕು.) ಅಷ್ಟು ಸಾವಿಗೆ ಸಮಾಧಿಗಳೆಲ್ಲಿ ಎಂದು ಆಕೆ ಕೇಳಿದರು. ಹಳೆಯ ಚರಂಡಿ ತೊಟ್ಟಿಯ ರಚನೆಗೆ ಹೊಂದಿದ ನೆಲದಡಿಯ ಕೋಣೆಗಳಲ್ಲಿ ಎಳೆ ಮೂಳೆಗಳು ಇರುವುದನ್ನು ಆಯೋಗ 2017ರಲ್ಲಿ ಖಚಿತಪಡಿಸಿತು. ಪೂರ್ಣ ಉತ್ಖನನ ಶುರುವಾದದ್ದು 2025ರ ಜುಲೈನಲ್ಲಿ.

ಇಲ್ಲಿ ನನ್ನನ್ನು ನಾನೇ ತಡೆದುಕೊಳ್ಳಬೇಕು. ಒಬ್ಬ ನುಡಿದಂತೆ ನಡೆಯಲಿಲ್ಲ ಎಂದ ಮಾತ್ರಕ್ಕೆ ಅವನ ನುಡಿ ಸುಳ್ಳಾಗುವುದಿಲ್ಲ. ಕುಡುಕ ಅಪ್ಪ ಕುಡಿಯಬೇಡ ಎಂದರೆ ಬುದ್ಧಿಮಾತು ಸರಿಯೇ. ಗರ್ಭವೂ ಮನುಷ್ಯನೇ ಎಂದು ಪ್ರಾಮಾಣಿಕವಾಗಿ ನಂಬಿ, ಅನಾಥ ಮಕ್ಕಳನ್ನು ಸಾಕಿ, ಬಸುರಿಯರಿಗೆ ನೆರಳಾದವರೂ ಆಯರ್ಲೆಂಡಿನಲ್ಲಿದ್ದಾರೆ. ಟ್ಯೂಮ್‌ನ ಲೆಕ್ಕವನ್ನು ಅವರ ತಲೆಗೆ ಕಟ್ಟುವುದು ಅನ್ಯಾಯ. ನಾನು ನೋಡುತ್ತಿರುವುದು ತಪ್ಪಿದರು ಎಂಬುದನ್ನಲ್ಲ, ಎಲ್ಲೆಲ್ಲಿ ತಪ್ಪಿದರು ಎಂಬುದನ್ನು. ಚರ್ಚಿಗೆ ನೆಲದ ಖರ್ಚು ಬರುವಲ್ಲಿ, ಸರ್ಕಾರಕ್ಕೆ ಒಬ್ಬ ವಲಸಿಗನನ್ನು ಇಟ್ಟುಕೊಳ್ಳಬೇಕಾದಲ್ಲಿ, ಮತದಾರನಿಗೆ ತನ್ನದೇ ಮಗಳು ಲಂಡನ್ನಿಗೆ ಹೋಗಬೇಕಾದಲ್ಲಿ ಗರ್ಭ ಮನುಷ್ಯನಾಗಿ ಉಳಿಯಲಿಲ್ಲ. ಬೆಲೆ ತೆರುವವಳು ಹಾಸಿಗೆಯ ಮೇಲಿನ ಹೆಂಗಸೊಬ್ಬಳೇ ಆದಾಗ ಮಾತ್ರ ಅದು ಪೂರ್ಣ ಮನುಷ್ಯನಾಯಿತು. ಇದು ಎಡವಿದ ಹೆಜ್ಜೆಗಳ ಗುರುತಲ್ಲ, ನಡೆದ ದಾರಿಯದು.

2018ರ ಮೇ 25ರಂದು 66.4 ಶೇಕಡಾ ಮತದಾರರು ಎಂಟನೆಯ ತಿದ್ದುಪಡಿಯನ್ನು ಕಿತ್ತುಹಾಕಿದರು. ಮತದಾನಕ್ಕೆ ಮುಂಚೆ ಸವಿತಾಳ ತಂದೆತಾಯಿ ಬೆಳಗಾವಿಯಿಂದ ಆ ದೇಶದ ಜನರಿಗೆ ಮನವಿ ಮಾಡಿಕೊಂಡಿದ್ದರು.

ನಮ್ಮೂರಲ್ಲಿ ಆಗ ಎಲ್ಲರೂ ಹೆಮ್ಮೆಪಟ್ಟರು. ನಮ್ಮ ದೇಶದಲ್ಲಾದರೆ ಆಕೆ ಬದುಕುತ್ತಿದ್ದಳು, 1971ರಲ್ಲೇ ನಮಗೆ ಕಾಯಿದೆ ಬಂದಿದೆ ಎಂದು. ನಿಜ. ಆದರೆ ನಮ್ಮ ಲೆಕ್ಕವೂ ಶುದ್ಧವಾಗಿಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ 'ಭ್ರೂಣಹತ್ಯೆ ಮಹಾಪಾಪ' ಎಂಬ ಫಲಕ ಇದೆ. ಅದರ ಪಕ್ಕದ ಕೋಣೆಯಲ್ಲೇ ಕಾನೂನುಬದ್ಧವಾಗಿ ಗರ್ಭಪಾತ ಮಾಡುತ್ತಾರೆ. ಫಲಕ ಹೇಳಬೇಕಾದದ್ದು ಲಿಂಗಪತ್ತೆಯ ಬಗ್ಗೆ. ಹೇಳುತ್ತಿರುವುದು ಕೊಲೆಯ ಬಗ್ಗೆ. ಆ ಪದ ಬಂದದ್ದು ಧರ್ಮಶಾಸ್ತ್ರದಿಂದ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಗರ್ಭವನ್ನು ಕೊಂದವನಿಗೆ ಬ್ರಹ್ಮಹತ್ಯೆಯ ಪ್ರಾಯಶ್ಚಿತ್ತವನ್ನೇ ವಿಧಿಸುತ್ತದೆ, ಆದರೆ 'ಅವಿಜ್ಞಾತ' ಗರ್ಭಕ್ಕೆ, ಅಂದರೆ ಗಂಡೋ ಹೆಣ್ಣೋ ತಿಳಿಯದ ಗರ್ಭಕ್ಕೆ ಎಂದು ವ್ಯಾಖ್ಯಾನಕಾರರು ಬಿಡಿಸುತ್ತಾರೆ. ಗಂಡಾಗಿರಬಹುದಲ್ಲ! ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಲಿಂಗಪತ್ತೆ ಮಾಡುತ್ತಿದ್ದ ಜಾಲ 2023ರ ಕೊನೆಯಲ್ಲಿ ಬಯಲಾದಾಗ ನನಗೆ ಮೊದಲು ನೆನಪಾದದ್ದು ಆ ಒಂದು ವಿಶೇಷಣ.

ಆಗ ಗೆಳೆಯನೊಬ್ಬ ನೇರವಾಗಿ ಕೇಳಿದ. ಗರ್ಭ ವ್ಯಕ್ತಿಯಲ್ಲ ಅನ್ನುವವಳು ನೀನು. ಹಾಗಾದರೆ ಆಲೆಮನೆಯ ಸುದ್ದಿಗೆ ನಿನಗ್ಯಾಕೆ ಇಷ್ಟು ಸಿಟ್ಟು? ನನ್ನ ಬಳಿ ಉತ್ತರ ಇತ್ತು. 1994ರ ಕಾಯಿದೆ ನಿಷೇಧಿಸುವುದು ಗರ್ಭಪಾತವನ್ನಲ್ಲ, ಲಿಂಗ ತಿಳಿದುಕೊಳ್ಳುವುದನ್ನು. ಅಲ್ಲಿ ಅನ್ಯಾಯವಾಗುತ್ತಿರುವುದು ಗರ್ಭಕ್ಕೆ ಎನ್ನುವುದಕ್ಕಿಂತ, ಹೆಣ್ಣು ಬೇಡವೆಂಬ ತೀರ್ಪಿನಡಿ ಬದುಕುವ ಎಲ್ಲ ಹೆಣ್ಣುಮಕ್ಕಳಿಗೆ. ಮಗಳು ಬೇಡವೆಂದು ಬಲವಂತಕ್ಕೆ ಮೇಜು ಹತ್ತಿದ ತಾಯಿಗೆ. ಈ ಉತ್ತರವನ್ನು ನಾನು ಮುಕ್ಕಾಲು ಪಾಲು ನಂಬುತ್ತೇನೆ. ಉಳಿದ ಕಾಲು ಪಾಲು, ಸುದ್ದಿ ಓದಿದಾಗ ಹೊಟ್ಟೆಯಲ್ಲಿ ಕಿವಿಚಿದಂತಾದದ್ದು, ಬರೀ ಸಮಾನತೆಯ ತತ್ವಕ್ಕಾಗಿ ಆದದ್ದಲ್ಲ ಎಂದು ನನಗೆ ಗೊತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ 26 ವಾರದ ಬಸುರಿಯೊಬ್ಬಳಿಗೆ ಸುಪ್ರೀಂ ಕೋರ್ಟ್ ಮೊದಲು ಅನುಮತಿ ಕೊಟ್ಟು, ಆಮೇಲೆ ನಿರಾಕರಿಸಿತು. ಆ ಚರ್ಚೆಯಲ್ಲೂ ನಡುವೆ ಬಂದು ಕೂತದ್ದು ಎದೆಬಡಿತವೇ. ನಾನು ಆ ತೀರ್ಪನ್ನು ಸುಲಭವಾಗಿ ಬೈಯಲಾರದೆ ಹೋದೆ. ಗಾಲ್ವೇಯ 17 ವಾರಕ್ಕೂ ಇದಕ್ಕೂ ವ್ಯತ್ಯಾಸವಿದೆ ಎಂದು ನನಗನ್ನಿಸುತ್ತದೆ. ಹಾಗನ್ನಿಸುವುದೇ ಆದರೆ, ನಾನು ನಿಂತಿರುವುದು 1860ರ ಸಂಹಿತೆಯ ಮೆಟ್ಟಿಲುಗಳ ಮೇಲೆ, ಬೆಲೆ ಬೆಳೆಯುತ್ತ ಹೋಗುತ್ತದೆ ಎಂಬ ಕಡೆ. ಮೆಕಾಲೆಯ ಜೊತೆ ಒಂದೇ ಜಗಲಿ ಹಂಚಿಕೊಳ್ಳುವುದು ಈ ಸಂಶೋಧನೆ ಶುರು ಮಾಡಿದಾಗ ನನ್ನ ಯೋಜನೆಯಲ್ಲಿರಲಿಲ್ಲ.

ಕಳೆದ ಬೇಸಿಗೆ ಊರಿಗೆ ಹೋದಾಗ ಅವ್ವನಿಗೆ ಕಿಲ್ಲೀನ್‌ಗಳ ಬಗ್ಗೆ ಹೇಳಿದೆ. ನನಗಿಂತ ಮುಂಚೆ ಅವ್ವನಿಗೆ ಒಂದು ಕೂಸು ಸತ್ತೇ ಹುಟ್ಟಿತ್ತು. ಅಪ್ಪ ಅದನ್ನು ಹೊಲದ ಬದುವಿನಲ್ಲಿ, ಬೇವಿನ ಗಿಡದ ಬುಡಕ್ಕೆ ಹೂತು ಬಂದಿದ್ದ. ಆಶಾ ಕಾರ್ಯಕರ್ತೆ ಬಂದು ಮಕ್ಕಳೆಷ್ಟು ಎಂದು ಕೇಳಿದರೆ ಅವ್ವ ಮೂರು ಎನ್ನುತ್ತಾಳೆ. ದೊಡ್ಡವ್ವನ ಜೊತೆ ಕೂತಾಗ ನಾಕು ಎನ್ನುತ್ತಾಳೆ. ತಮ್ಮ ಹುಟ್ಟಿದ ಮೇಲೆ ಇನ್ನೊಮ್ಮೆ ದಿನ ತಪ್ಪಿ, ಎರಡೇ ತಿಂಗಳಿಗೆ ದವಾಖಾನೆಗೆ ಹೋಗಿ ತೆಗೆಸಿಕೊಂಡು ಬಂದದ್ದೂ ಇದೆ. ಅದನ್ನು ಮಾತ್ರ ಯಾವ ಲೆಕ್ಕದಲ್ಲೂ ಸೇರಿಸಿದ್ದು ನಾನು ಕೇಳಿಲ್ಲ. ಧೈರ್ಯ ಮಾಡಿ, ಅದನ್ನ್ಯಾಕ ಎಣಸೂದಿಲ್ಲ ಎಂದು ಕೇಳಿದೆ. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು.

"ಅದು ಬ್ಯಾರೆ. ಇದು ಹೊಟ್ಟ್ಯಾಗ ಮಿಸುಕಾಡಿತ್ತು," ಎಂದಳು.

ಆ ಹೊಲ ಪಾಲಾದಾಗ ಬದು ಕಾಕಾನ ಭಾಗಕ್ಕೆ ಹೋಯಿತು. ಟ್ರ್ಯಾಕ್ಟರ್ ಹೊಡೆಯುವಾಗ ಬೇವಿನ ಗಿಡದ ಸುತ್ತ ಒಂದಿಷ್ಟು ಜಾಗ ಬಿಟ್ಟೇ ತಿರುಗಿಸುತ್ತಾರೆ.